ಹಳೆಯ ಗೃಹೋಪಯೋಗಿ ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಧ್ವನಿ ದೋಷ: ದುರಸ್ತಿ, ಬದಲಾವಣೆ ಹಾಗೂ ಗ್ರಾಹಕರ ಹಕ್ಕುಗಳು

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಟಿ.ವಿ., ರೇಡಿಯೋ, ಟೇಪ್ ರೆಕಾರ್ಡರ್, ಮ್ಯೂಸಿಕ್ ಸಿಸ್ಟಮ್ ಮುಂತಾದ ಉಪಕರಣಗಳು ಹಳೆಯದಾದಂತೆ ಅವುಗಳ ಧ್ವನಿಯಲ್ಲಿ ದೋಷಗಳು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿರುತ್ತದೆ. ಚಿತ್ರ ಸರಿಯಾಗಿದ್ದು ಧ್ವನಿ ಮಾತ್ರ ಬಾರದಿರುವುದು, ಗುಂಯ್ ಎಂಬ ಸದ್ದು ನಿರಂತರವಾಗಿ ಕೇಳಿಬರುವುದು, ವಾಲ್ಯೂಮ್ ತಿರುಗಿಸಿದಾಗ ಚರಚರ ಸದ್ದಾಗುವುದು, ಮಾತು ಒಡೆದಂತೆ ಕೇಳಿಸುವುದು ಇವುಗಳಲ್ಲಿ ಮುಖ್ಯವಾದವು.

ಇಂತಹ ಸಂದರ್ಭಗಳಲ್ಲಿ ಗ್ರಾಹಕರು ಎರಡು ರೀತಿಯಲ್ಲಿ ನಷ್ಟ ಅನುಭವಿಸುತ್ತಾರೆ. ಸಡಿಲಗೊಂಡ ಒಂದು ವಯರ್ ಸರಿಪಡಿಸಿದರೆ ಸಾಕಾಗಿದ್ದ ಉಪಕರಣವನ್ನು ಗುಜರಿಗೆ ಹಾಕಿ ಹೊಸದನ್ನು ಖರೀದಿಸುವುದು ಒಂದು. ಬಾಳಿಕೆ ಮುಗಿದ ಉಪಕರಣಕ್ಕೆ ಬಿಲ್ಲು, ರಸೀದಿಗಳಿಲ್ಲದೆ ಮತ್ತೆ ಮತ್ತೆ ದುರಸ್ತಿ ವೆಚ್ಚ ಭರಿಸುವುದು ಇನ್ನೊಂದು. ದೋಷದ ಮೂಲ ಎಲ್ಲಿದೆ ಎಂಬುದನ್ನು ಗುರುತಿಸುವ ಮೊದಲು ಹಣ ವ್ಯಯಿಸಬಾರದು. ಹಣ ವ್ಯಯಿಸಿದ ಮೇಲೆ ದಾಖಲೆಯಿಲ್ಲದೆ ಇರಬಾರದು. ಈ ಎರಡು ನಿಯಮಗಳನ್ನು ಪಾಲಿಸಿದಲ್ಲಿ ಬಹುತೇಕ ನಷ್ಟಗಳನ್ನು ತಪ್ಪಿಸಬಹುದಾಗಿದೆ.

2. ಸುರಕ್ಷತಾ ಸೂಚನೆಗಳು

ಗ್ರಾಹಕರು ಯಾವುದೇ ಸಂದರ್ಭದಲ್ಲಿಯೂ ವಿದ್ಯುತ್ ಉಪಕರಣದ ಹಿಂಬದಿಯ ಮುಚ್ಚಳವನ್ನು ತಾವೇ ತೆರೆಯತಕ್ಕದ್ದಲ್ಲ. ಇದಕ್ಕೆ ಕಾರಣಗಳು ಈ ಕೆಳಕಂಡಂತಿವೆ:

(ಅ) ಹಳೆಯ ಪಿಕ್ಚರ್ ಟ್ಯೂಬ್ ಬಣ್ಣದ ಟಿ.ವಿ.ಗಳಲ್ಲಿ ಟ್ಯೂಬಿಗೆ ಸುಮಾರು 20,000 ವೋಲ್ಟ್ ಅಥವಾ ಅದಕ್ಕೂ ಹೆಚ್ಚಿನ ವಿದ್ಯುತ್ ಒತ್ತಡ ಇರುತ್ತದೆ. ಪ್ಲಗ್ ತೆಗೆದ ನಂತರವೂ ಈ ವಿದ್ಯುದಂಶ ಟ್ಯೂಬಿನಲ್ಲಿ ಉಳಿದಿರಬಹುದು.

(ಆ) ಇಂದಿನ ಎಲ್.ಇ.ಡಿ. ಟಿ.ವಿ.ಗಳ ಪವರ್ ಸಪ್ಲೈ ಭಾಗದಲ್ಲಿ 230 ವೋಲ್ಟ್ ಮನೆ ವಿದ್ಯುತ್ತು 300 ವೋಲ್ಟ್‌ಗೂ ಮೀರಿದ ನೇರ ವಿದ್ಯುತ್ತಾಗಿ ಕೆಪಾಸಿಟರಿನಲ್ಲಿ ಸಂಗ್ರಹವಾಗುತ್ತದೆ. ಸ್ವಿಚ್ ಆರಿಸಿದ ತಕ್ಷಣ ಇದು ಇಲ್ಲವಾಗುವುದಿಲ್ಲ.

(ಇ) ಸುಟ್ಟ ವಾಸನೆ, ಹೊಗೆ, ಕಿಡಿ ಅಥವಾ ಮುಟ್ಟಿದಾಗ ಜುಮ್ಮೆನ್ನುವ ಅನುಭವ ಕಂಡುಬಂದಲ್ಲಿ ತಕ್ಷಣ ಗೋಡೆಯ ಸ್ವಿಚ್ ಆರಿಸಿ ಪ್ಲಗ್ ತೆಗೆಯತಕ್ಕದ್ದು. ಅಂತಹ ಉಪಕರಣವನ್ನು ಪರೀಕ್ಷೆಗೆಂದು ಪುನಃ ಚಾಲನೆ ಮಾಡಬಾರದು.

3. ಮನೆಯಲ್ಲಿಯೇ ಮಾಡಬಹುದಾದ ಪರಿಶೀಲನೆ

ದುರಸ್ತಿಗಾರರನ್ನು ಸಂಪರ್ಕಿಸುವ ಮೊದಲು, ಮುಚ್ಚಳ ತೆರೆಯದೆ ಮಾಡಬಹುದಾದ ಪರಿಶೀಲನೆಗಳನ್ನು ಈ ಕೆಳಗಿನ ಕ್ರಮದಲ್ಲಿ ಪೂರೈಸುವುದು ಸೂಕ್ತ.

(ಅ) ಕಾರ್ಯಕ್ರಮದ ಮೂಲ: ಬೇರೊಂದು ವಾಹಿನಿಗೆ ಬದಲಾಯಿಸಿ ನೋಡುವುದು. ಒಂದೇ ವಾಹಿನಿಯಲ್ಲಿ ಧ್ವನಿ ಇಲ್ಲದಿದ್ದರೆ ದೋಷ ಪ್ರಸಾರದಲ್ಲಿರುತ್ತದೆ. ಎಲ್ಲ ವಾಹಿನಿಗಳಲ್ಲಿಯೂ ಧ್ವನಿ ಇಲ್ಲದಿದ್ದರೆ ಸೆಟ್ ಟಾಪ್ ಬಾಕ್ಸ್‌ನ ಬದಲು ಪೆನ್ ಡ್ರೈವ್ ಅಥವಾ ಬೇರೆ ಸಾಧನವನ್ನು ಜೋಡಿಸಿ ನೋಡುವುದು. ಆಗ ಧ್ವನಿ ಬಂದಲ್ಲಿ ಟಿ.ವಿ. ಸರಿಯಾಗಿದೆ, ದೋಷವು ಬಾಕ್ಸ್‌ನಲ್ಲಿ ಅಥವಾ ಕೇಬಲ್‌ನಲ್ಲಿದೆ ಎಂದು ತಿಳಿಯಬೇಕು.

(ಆ) ಕೇಬಲ್: ಹಳೆಯ ಟಿ.ವಿ.ಗಳಿಗೆ ಬಾಕ್ಸ್‌ನಿಂದ ಬರುವ ಮೂರು ಬಣ್ಣದ ವಯರ್‌ಗಳಲ್ಲಿ ಹಳದಿ ಚಿತ್ರಕ್ಕೂ, ಬಿಳಿ ಮತ್ತು ಕೆಂಪು ಧ್ವನಿಗೂ ಸಂಬಂಧಿಸಿವೆ. ಬಿಳಿ ಅಥವಾ ಕೆಂಪು ವಯರ್ ಸಡಿಲಗೊಂಡಲ್ಲಿ ಚಿತ್ರ ಸರಿಯಾಗಿದ್ದು ಧ್ವನಿ ಮಾತ್ರ ಭಾಗಶಃ ಅಥವಾ ಪೂರ್ಣವಾಗಿ ನಿಲ್ಲಬಹುದು. ಧ್ವನಿಗೆ ಒಂದೇ ತೂತು ಇರುವ ಟಿ.ವಿ.ಗೆ ಬಿಳಿ ವಯರನ್ನು ಜೋಡಿಸತಕ್ಕದ್ದು.

(ಇ) ಮ್ಯೂಟ್ ಮತ್ತು ಸೆಟ್ಟಿಂಗ್: ಟಿ.ವಿ. ಮತ್ತು ಬಾಕ್ಸ್ ಎರಡಕ್ಕೂ ಪ್ರತ್ಯೇಕ ವಾಲ್ಯೂಮ್ ಇರುತ್ತದೆ. ಎರಡನ್ನೂ ಪರಿಶೀಲಿಸಬೇಕು. ಟಿ.ವಿ.ಯ ಧ್ವನಿಯನ್ನು ಬ್ಲೂಟೂತ್ ಸ್ಪೀಕರ್‌ಗೆ ಅಥವಾ ಹೊರ ಸ್ಪೀಕರ್‌ಗೆ ಕಳುಹಿಸುವ ಆಯ್ಕೆ ಚಾಲನೆಯಲ್ಲಿದ್ದರೆ ಟಿ.ವಿ.ಯ ಸ್ವಂತ ಸ್ಪೀಕರ್ ಮೌನವಾಗಿರುತ್ತದೆ. ಹೊರ ಆಂಪ್ಲಿಫೈಯರ್ ಜೋಡಿಸಿದ್ದು ಕೆಲವು ಕಾರ್ಯಕ್ರಮಗಳಲ್ಲಿ ಮಾತ್ರ ಧ್ವನಿ ಬಾರದಿದ್ದಲ್ಲಿ ಡಿಜಿಟಲ್ ಧ್ವನಿಯ ಸೆಟ್ಟಿಂಗನ್ನು ಪಿ.ಸಿ.ಎಂ. ಎಂದು ಬದಲಾಯಿಸಿ ನೋಡುವುದು.

(ಈ) ಇಯರ್‌ಫೋನ್ ತೂತು: ಹಳೆಯ ರೇಡಿಯೋ ಮತ್ತು ಟಿ.ವಿ.ಗಳಲ್ಲಿ ಇಯರ್‌ಫೋನ್ ಚುಚ್ಚಿದಾಗ ಒಳಗಿನ ಸ್ಪೀಕರ್ ಬಂದ್ ಆಗುವ ವ್ಯವಸ್ಥೆ ಇರುತ್ತದೆ. ಇದರ ಸಂಪರ್ಕ ಪಟ್ಟಿಯು ಧೂಳಿನಿಂದ ಸಿಕ್ಕಿಹಾಕಿಕೊಂಡಲ್ಲಿ ಇಯರ್‌ಫೋನ್ ಇಲ್ಲದಿದ್ದರೂ ಸ್ಪೀಕರ್ ಕೆಲಸ ಮಾಡುವುದಿಲ್ಲ. ಇಯರ್‌ಫೋನನ್ನು ನಾಲ್ಕೈದು ಬಾರಿ ಚುಚ್ಚಿ ತೆಗೆಯುವುದರಿಂದ ಇದು ಸರಿಹೋಗಬಹುದು. ಇಯರ್‌ಫೋನಿನಲ್ಲಿ ಧ್ವನಿ ಶುದ್ಧವಾಗಿ ಕೇಳಿಬಂದಲ್ಲಿ ದೋಷವು ಸ್ಪೀಕರ್ ಅಥವಾ ಅದರ ವಯರಿಗೆ ಸೀಮಿತವಾಗಿರುವ ಸಾಧ್ಯತೆ ಹೆಚ್ಚು.

(ಉ) ಸೆಲ್ ಪರೀಕ್ಷೆ: ಸೆಲ್ ಮತ್ತು ವಿದ್ಯುತ್ ಎರಡರಲ್ಲಿಯೂ ನಡೆಯುವ ರೇಡಿಯೋದಲ್ಲಿ ಗುಂಯ್ ಸದ್ದು ಇದ್ದರೆ ಹೊಸ ಸೆಲ್ ಹಾಕಿ ಕೇಳುವುದು. ಸೆಲ್‌ನಲ್ಲಿ ಸದ್ದು ಇಲ್ಲವಾದರೆ ದೋಷವು ಅಡಾಪ್ಟರ್ ಅಥವಾ ಪವರ್ ಸಪ್ಲೈ ಭಾಗದಲ್ಲಿದೆ.

(ಊ) ಹೊರಗಿನ ಅಡಚಣೆ: ಮೀಡಿಯಂ ವೇವ್ ಕೇಂದ್ರಗಳು, ಉದಾಹರಣೆಗೆ 612 ಕಿಲೋಹರ್ಟ್ಸ್‌ನ ಆಕಾಶವಾಣಿ ಬೆಂಗಳೂರು, ಕೇಳುವಾಗ ಬರುವ ಕರ್ಕಶ ಸದ್ದಿಗೆ ಎಲ್.ಇ.ಡಿ. ಬಲ್ಬ್, ಮೊಬೈಲ್ ಚಾರ್ಜರ್ ಮತ್ತು ಇನ್ವರ್ಟರ್‌ಗಳೂ ಕಾರಣವಾಗಿರುತ್ತವೆ. ಅವುಗಳನ್ನು ಒಂದೊಂದಾಗಿ ಆರಿಸಿ ನೋಡುವುದು. ಮೀಡಿಯಂ ವೇವ್ ಆಂಟೆನಾ ರೇಡಿಯೋದ ಒಳಗಡೆಯೇ ಇರುವುದರಿಂದ ಇಡೀ ರೇಡಿಯೋವನ್ನು ಬೇರೆ ದಿಕ್ಕಿಗೆ ತಿರುಗಿಸಿದಾಗ ಕೇಂದ್ರ ಸ್ಪಷ್ಟವಾಗಬಹುದು.

(ಋ) ಶ್ರವಣ: ಮನೆಯ ಇತರರಿಗೆ ಸರಿಯಾಗಿ ಕೇಳಿಸುವ ಧ್ವನಿಯು ಹಿರಿಯರೊಬ್ಬರಿಗೆ ಮಾತ್ರ ಅಸ್ಪಷ್ಟವಾಗಿದ್ದಲ್ಲಿ ಉಪಕರಣವನ್ನು ಬದಲಾಯಿಸುವ ಮೊದಲು ಶ್ರವಣ ಪರೀಕ್ಷೆ ಮಾಡಿಸತಕ್ಕದ್ದು. ವಯೋಸಹಜ ಶ್ರವಣ ನ್ಯೂನತೆಯಲ್ಲಿ ಮೊದಲು ಕುಂದುವುದು ತಾರಸ್ವರಗಳ ಗ್ರಹಿಕೆ. ಇದರಿಂದ ಸದ್ದು ಕೇಳಿದರೂ ಮಾತು ಅರ್ಥವಾಗುವುದಿಲ್ಲ, ಮತ್ತು ಟಿ.ವಿ. ಕೆಟ್ಟಿದೆ ಎಂದೇ ಭಾಸವಾಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಹಾಗೂ ಕಿವಿ, ಮೂಗು, ಗಂಟಲು ವಿಭಾಗವಿರುವ ಆಸ್ಪತ್ರೆಗಳಲ್ಲಿ ಈ ಬಗ್ಗೆ ವಿಚಾರಿಸಬಹುದಾಗಿದೆ.

4. ದೋಷದ ಲಕ್ಷಣ ಮತ್ತು ಸಂಭವನೀಯ ಕಾರಣ

ಮೇಲ್ಕಂಡ ಪರಿಶೀಲನೆಯ ನಂತರವೂ ದೋಷ ಉಳಿದಲ್ಲಿ ಅದು ಉಪಕರಣದ ಒಳಗಿದೆ ಎಂದು ಭಾವಿಸಬಹುದು. ಲಕ್ಷಣವನ್ನು ನಿಖರವಾಗಿ ವಿವರಿಸುವ ಗ್ರಾಹಕರಿಗೆ ಅನಗತ್ಯ ಬಿಡಿಭಾಗಗಳ ವೆಚ್ಚ ತಪ್ಪುತ್ತದೆ.

(ಅ) ನಿರಂತರ ಗುಂಯ್ ಸದ್ದು: ಪವರ್ ಸಪ್ಲೈ ಭಾಗದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿರುವುದು ಸಾಮಾನ್ಯ ಕಾರಣ. ಇದರೊಳಗಿನ ದ್ರವ ಕಾಲಕ್ರಮೇಣ ಆವಿಯಾಗುತ್ತದೆ. ಆಗ ಮನೆ ವಿದ್ಯುತ್ತಿನ 50 ಹರ್ಟ್ಸ್ ಏರಿಳಿತವು ಸಾಮಾನ್ಯವಾಗಿ 100 ಹರ್ಟ್ಸ್ ಸದ್ದಾಗಿ ಸ್ಪೀಕರಿನಲ್ಲಿ ಕೇಳಿಬರುತ್ತದೆ. ಕೆಪಾಸಿಟರಿನ ತಲೆ ಉಬ್ಬಿರುವುದು ಇದರ ಒಂದು ಗುರುತು. ಇವುಗಳ ಬಾಳಿಕೆಯನ್ನು ತಯಾರಕರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 2,000 ಗಂಟೆ ಎಂಬಂತೆ ನಮೂದಿಸುತ್ತಾರೆ. ಉಷ್ಣತೆ 10 ಡಿಗ್ರಿ ಇಳಿದರೆ ಬಾಳಿಕೆ ಸುಮಾರು ದುಪ್ಪಟ್ಟಾಗುತ್ತದೆ. ಆದ್ದರಿಂದ ಉಪಕರಣದ ಮೇಲೆ ಬಟ್ಟೆ ಹೊದಿಸಿ ಚಾಲನೆ ಮಾಡುವುದು ಅಥವಾ ಗಾಳಿಯಾಡದ ಷೋಕೇಸಿನಲ್ಲಿ ಇಡುವುದು ಅದರ ಆಯುಷ್ಯವನ್ನು ಕಡಿಮೆ ಮಾಡುತ್ತದೆ.

(ಆ) ವಾಲ್ಯೂಮ್ ತಿರುಗಿಸಿದಾಗ ಚರಚರ ಸದ್ದು: ವಾಲ್ಯೂಮ್ ಕಂಟ್ರೋಲಿನ ಒಳಗಿನ ಪಟ್ಟಿಯ ಮೇಲೆ ಧೂಳು ಸೇರಿರುತ್ತದೆ. ದುರಸ್ತಿಗಾರರು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಬಳಸಿ ಇದನ್ನು ಸ್ವಚ್ಛಗೊಳಿಸುತ್ತಾರೆ, ಸವೆದಿದ್ದಲ್ಲಿ ಬದಲಾಯಿಸುತ್ತಾರೆ. ಕೊಬ್ಬರಿ ಎಣ್ಣೆ ಅಥವಾ ಸೀಮೆಎಣ್ಣೆ ಹಾಕತಕ್ಕದ್ದಲ್ಲ.

(ಇ) ಒಡೆದ ಅಥವಾ ಉಜ್ಜಿದಂತಹ ಧ್ವನಿ: ಸ್ಪೀಕರಿನ ಕಾಗದ ಹರಿದಿರುತ್ತದೆ, ಅಂಚಿನ ಫೋಮ್ ಪುಡಿಯಾಗಿರುತ್ತದೆ ಅಥವಾ ಒಳಗಿನ ಸುರುಳಿ ಆಯಸ್ಕಾಂತಕ್ಕೆ ತಾಗುತ್ತಿರುತ್ತದೆ. ಸ್ಪೀಕರ್ ಬದಲಾಯಿಸುವಾಗ ಹಳೆಯದರ ಮೇಲೆ ನಮೂದಿಸಿರುವ 4 ಓಮ್ ಅಥವಾ 8 ಓಮ್ ಎಂಬ ಅಳತೆಯೇ ಹೊಸದರಲ್ಲಿಯೂ ಇರಬೇಕು. ವ್ಯಾಟ್ ಪ್ರಮಾಣ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಿಮೆ ಇರಬಾರದು.

(ಈ) ತಟ್ಟಿದಾಗ ಬಂದು ಹೋಗುವ ಧ್ವನಿ: ಬೋರ್ಡಿನ ಬೆಸುಗೆ ಬಿರುಕು ಬಿಟ್ಟಿರುವ ಅಥವಾ ಕನೆಕ್ಟರ್ ಸಡಿಲಗೊಂಡಿರುವ ಲಕ್ಷಣ. ತಟ್ಟಿ ತಟ್ಟಿ ಉಪಯೋಗಿಸುವುದರಿಂದ ಬಿರುಕು ಹೆಚ್ಚಾಗುತ್ತದೆ.

(ಉ) ಟೇಪ್ ರೆಕಾರ್ಡರಿನಲ್ಲಿ ಎಳೆದಂತಹ ಅಥವಾ ಮಂದವಾದ ಧ್ವನಿ: ಎಳೆದಂತಹ ಧ್ವನಿಗೆ ರಬ್ಬರ್ ಬೆಲ್ಟ್ ಸಡಿಲಗೊಂಡಿರುವುದೂ, ಮಂದ ಧ್ವನಿಗೆ ಹೆಡ್ಡಿನ ಮೇಲೆ ಕೊಳೆ ಕುಳಿತಿರುವುದೂ ಸಾಮಾನ್ಯ ಕಾರಣ.

ವಿಶೇಷ ಸೂಚನೆ: ಅನೇಕ ಮನೆಗಳಲ್ಲಿ ತೀರಿಕೊಂಡ ಹಿರಿಯರ ಮಾತು, ಸಂಪ್ರದಾಯದ ಹಾಡು, ಮದುವೆ ಸಮಾರಂಭ ಮುಂತಾದವು ಕ್ಯಾಸೆಟ್ಟಿನಲ್ಲಿ ಮಾತ್ರ ಉಳಿದಿರುತ್ತವೆ. ದೋಷವಿರುವ ಟೇಪ್ ರೆಕಾರ್ಡರನ್ನು ಅಂತಹ ಕ್ಯಾಸೆಟ್ ಹಾಕಿ ಪರೀಕ್ಷಿಸತಕ್ಕದ್ದಲ್ಲ. ಟೇಪು ಸಿಕ್ಕಿಕೊಂಡು ಹರಿದಲ್ಲಿ ಧ್ವನಿ ಶಾಶ್ವತವಾಗಿ ನಷ್ಟವಾಗಬಹುದು. ಪರೀಕ್ಷೆಗೆ ಬೇಡವಾದ ಕ್ಯಾಸೆಟ್ ಬಳಸಿ, ದುರಸ್ತಿ ಪೂರ್ಣಗೊಂಡ ಕೂಡಲೇ ಮುಖ್ಯ ಕ್ಯಾಸೆಟ್‌ಗಳ ಧ್ವನಿಯನ್ನು ಕಂಪ್ಯೂಟರ್‌ಗೆ ವರ್ಗಾಯಿಸಿ ಎರಡು ಪ್ರತಿ ಇಟ್ಟುಕೊಳ್ಳುವುದು. ಈ ಕೆಲಸ ಮುಗಿಯುವವರೆಗೆ ಟೇಪ್ ರೆಕಾರ್ಡರನ್ನು ಗುಜರಿಗೆ ನೀಡಬಾರದು.

5. ದುರಸ್ತಿಗೆ ನೀಡುವಾಗ ಪಾಲಿಸಬೇಕಾದ ಕ್ರಮಗಳು

(ಅ) ವಾರಂಟಿ ಅವಧಿ ಮುಗಿದಿದೆಯೇ ಎಂಬುದನ್ನು ಖರೀದಿ ಬಿಲ್ಲಿನಿಂದ ಖಚಿತಪಡಿಸಿಕೊಳ್ಳಬೇಕು. ಅವಧಿ ಬಾಕಿ ಇದ್ದಲ್ಲಿ ತಯಾರಕರ ಅಧಿಕೃತ ಸೇವಾ ಕೇಂದ್ರಕ್ಕೇ ನೀಡತಕ್ಕದ್ದು.

(ಆ) ಉಪಕರಣವನ್ನು ಒಪ್ಪಿಸುವಾಗ ಜಾಬ್ ಶೀಟ್ ಪಡೆಯಬೇಕು. ಅದರಲ್ಲಿ ಮಾದರಿ, ಕ್ರಮ ಸಂಖ್ಯೆ, ದೋಷದ ವಿವರ, ಒಪ್ಪಿಸಿದ ದಿನಾಂಕ ಮತ್ತು ಹಿಂತಿರುಗಿಸುವ ದಿನಾಂಕ ಇರತಕ್ಕದ್ದು. ಉಪಕರಣದ ಫೋಟೋ ತೆಗೆದಿಟ್ಟುಕೊಳ್ಳುವುದು ಉತ್ತಮ.

(ಇ) ಪರೀಕ್ಷಾ ಶುಲ್ಕ, ಬಿಡಿಭಾಗಗಳ ಬೆಲೆ ಮತ್ತು ಕೂಲಿಯನ್ನು ಪ್ರತ್ಯೇಕವಾಗಿ ತೋರಿಸಿದ ಅಂದಾಜು ಪಟ್ಟಿಯನ್ನು ಲಿಖಿತವಾಗಿ ಪಡೆಯಬೇಕು. ಅಂದಾಜಿಗಿಂತ ವೆಚ್ಚ ಹೆಚ್ಚುವುದಾದರೆ ಮೊದಲು ಒಪ್ಪಿಗೆ ಪಡೆಯಬೇಕೆಂದು ಬರೆಸಿಕೊಳ್ಳುವುದು.

(ಈ) ಬದಲಾಯಿಸಿದ ಹಳೆಯ ಬಿಡಿಭಾಗಗಳನ್ನು ಹಿಂತಿರುಗಿಸುವಂತೆ ಮುಂಚಿತವಾಗಿಯೇ ಕೇಳಬೇಕು. ಬಳಸಿದ ಬಿಡಿಭಾಗವನ್ನು ಹೊಸದೆಂದು ಹೇಳಿ ಮಾರುವುದು ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯಾಗಿರುತ್ತದೆ.

(ಉ) ಪಾವತಿಸಿದ ಮೊತ್ತಕ್ಕೆ ಬಿಲ್ಲು ಪಡೆಯತಕ್ಕದ್ದು. ಸೇವೆಗೆ ಬಿಲ್ಲು ಅಥವಾ ರಸೀದಿ ನೀಡದಿರುವುದೂ ಸದರಿ ಅಧಿನಿಯಮದಂತೆ ಅನುಚಿತ ವ್ಯಾಪಾರ ಪದ್ಧತಿಯಾಗಿದೆ. ದುರಸ್ತಿಗೆ ಎಷ್ಟು ದಿನಗಳ ಖಾತರಿ ಇದೆ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಬೇಕು.

(ಊ) ಉಪಕರಣವನ್ನು ಹಿಂಪಡೆಯುವಾಗ ಅಂಗಡಿಯಲ್ಲಿಯೇ ಕನಿಷ್ಠ ಹದಿನೈದು ನಿಮಿಷ ಚಾಲನೆ ಮಾಡಿಸಿ ಕೇಳುವುದು. ಕೆಲವು ದೋಷಗಳು ಉಪಕರಣ ಬಿಸಿಯಾದ ನಂತರವೇ ಪ್ರಕಟವಾಗುತ್ತವೆ.

ಬಿಡಿಭಾಗಗಳು: ಕೆಪಾಸಿಟರ್, ಸ್ಪೀಕರ್ ಮತ್ತು ವಾಲ್ಯೂಮ್ ಕಂಟ್ರೋಲ್‌ಗಳು ಯಾವುದೇ ಒಂದು ಕಂಪನಿಗೆ ಸೀಮಿತವಾದವುಗಳಲ್ಲ, ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಲಭ್ಯವಿರುತ್ತವೆ. ಆದರೆ ಎಲ್.ಇ.ಡಿ. ಟಿ.ವಿ.ಯ ಮುಖ್ಯ ಬೋರ್ಡ್ ಆಯಾ ಮಾದರಿಗೇ ಸೀಮಿತವಾಗಿರುವುದರಿಂದ ಹಳೆಯ ಮಾದರಿಗಳಿಗೆ ಸಿಗದಿರಬಹುದು. ದುರಸ್ತಿ ಮಾಹಿತಿ ಮತ್ತು ಸೇವಾ ಕೇಂದ್ರಗಳ ವಿವರಗಳನ್ನು ಒಂದೆಡೆ ಒದಗಿಸುವ ಉದ್ದೇಶದಿಂದ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್ 24ರಂದು ದುರಸ್ತಿ ಹಕ್ಕು ಪೋರ್ಟಲನ್ನು ಆರಂಭಿಸಿದೆ.

6. ದುರಸ್ತಿಯೋ, ಬದಲಾವಣೆಯೋ?

ಈ ಬಗ್ಗೆ ಕಾನೂನಿನ ನಿಯಮ ಇರುವುದಿಲ್ಲ. ದುರಸ್ತಿಯ ಒಟ್ಟು ವೆಚ್ಚವು ಅದೇ ಉಪಯೋಗದ ಹೊಸ ಉಪಕರಣದ ಬೆಲೆಯ ಅರ್ಧವನ್ನು ಮೀರಿದರೆ ಬದಲಾವಣೆ ಲೇಸು ಎಂಬುದು ರೂಢಿಯಲ್ಲಿರುವ ಅಂದಾಜು. ಉದಾಹರಣೆಗೆ, ಹೊಸ ಟಿ.ವಿ.ಯ ಬೆಲೆ ರೂ. 12,000 ಇದ್ದು ಮುಖ್ಯ ಬೋರ್ಡಿನ ಬದಲಾವಣೆಗೆ ರೂ. 7,000 ಕೇಳಿದಲ್ಲಿ ಹೊಸದರ ಬಗ್ಗೆ ಯೋಚಿಸಬಹುದು. ಸ್ಪೀಕರ್ ಬದಲಾವಣೆಗೆ ರೂ. 800 ಕೇಳಿದಲ್ಲಿ ದುರಸ್ತಿಯೇ ಲಾಭಕರ.

ದುರಸ್ತಿ ಸೂಕ್ತವಾಗುವ ಸಂದರ್ಭಗಳು: ದೋಷ ಒಂದೇ ಆಗಿದ್ದು ಕಾರಣ ಸ್ಪಷ್ಟವಾಗಿರುವುದು, ಬಿಡಿಭಾಗ ಸಾಮಾನ್ಯವಾಗಿ ದೊರೆಯುವಂತಹುದಾಗಿರುವುದು, ಉಪಕರಣವು ಉಳಿದಂತೆ ಚೆನ್ನಾಗಿರುವುದು.

ಬದಲಾವಣೆ ಸೂಕ್ತವಾಗುವ ಸಂದರ್ಭಗಳು: ಸುಟ್ಟ ವಾಸನೆ ಅಥವಾ ವಿದ್ಯುತ್ ಆಘಾತದ ಅಪಾಯ ಇರುವುದು, ಒಂದು ವರ್ಷದೊಳಗೆ ಅದೇ ದೋಷ ಮರುಕಳಿಸಿರುವುದು, ಧ್ವನಿಯೊಂದಿಗೆ ಚಿತ್ರವೂ ಕುಂದಿರುವುದು, ಮುಖ್ಯ ಬೋರ್ಡ್ ದೊರೆಯದಿರುವುದು.

ಮೂರನೆಯ ದಾರಿ: ಎಲ್.ಇ.ಡಿ. ಟಿ.ವಿ.ಯ ಚಿತ್ರ ಚೆನ್ನಾಗಿದ್ದು ಸ್ಪೀಕರ್ ಮಾತ್ರ ದುರ್ಬಲವಾಗಿದ್ದಲ್ಲಿ ಹೊರ ಸ್ಪೀಕರ್ ಅಥವಾ ಸೌಂಡ್ ಬಾರ್ ಜೋಡಿಸುವುದು ಟಿ.ವಿ. ಬದಲಾಯಿಸುವುದಕ್ಕಿಂತ ಅಗ್ಗವಾಗಬಹುದು. ತೆಳು ಟಿ.ವಿ.ಗಳ ಸ್ಪೀಕರ್‌ಗಳು ಚಿಕ್ಕದಾಗಿದ್ದು ಹೆಚ್ಚಾಗಿ ಕೆಳಕ್ಕೆ ಅಥವಾ ಹಿಂದಕ್ಕೆ ಮುಖ ಮಾಡಿರುವುದರಿಂದ ಹೊಸ ಟಿ.ವಿ. ಕೊಂಡರೂ ಮಾತು ಸ್ಪಷ್ಟವಾಗುವುದೆಂಬ ಖಾತರಿ ಇರುವುದಿಲ್ಲ.

ವಿದ್ಯುತ್ ಉಳಿತಾಯ: 100 ವ್ಯಾಟ್‌ನ ಹಳೆಯ ಟಿ.ವಿ. ದಿನಕ್ಕೆ 5 ಗಂಟೆ ನಡೆದರೆ 30 ದಿನಕ್ಕೆ 15 ಯೂನಿಟ್, 40 ವ್ಯಾಟ್‌ನ ಹೊಸ ಟಿ.ವಿ. ನಡೆದರೆ 6 ಯೂನಿಟ್ ಖರ್ಚಾಗುತ್ತದೆ. ಉಳಿತಾಯ ತಿಂಗಳಿಗೆ 9 ಯೂನಿಟ್ ಮಾತ್ರ. ಆದ್ದರಿಂದ ವಿದ್ಯುತ್ ಉಳಿತಾಯವೊಂದನ್ನೇ ನೆಚ್ಚಿ ಸುಸ್ಥಿತಿಯ ಟಿ.ವಿ.ಯನ್ನು ಬದಲಾಯಿಸುವುದು ಲಾಭದಾಯಕವಲ್ಲ.

ಮನೆಯಲ್ಲಿ ದೃಷ್ಟಿ ದೋಷವುಳ್ಳವರು ಅಥವಾ ಒಂಟಿಯಾಗಿರುವ ವೃದ್ಧರು ಹಳೆಯ ರೇಡಿಯೋದ ಗುಂಡಿಗಳನ್ನು ಕೈ ಅಳತೆಯಿಂದಲೇ ಬಲ್ಲವರಾಗಿರುತ್ತಾರೆ. ಅಂತಹವರಿಗೆ ಹೊಸ ಉಪಕರಣ ಅನುಕೂಲವಾಗದಿರಬಹುದು. ವೆಚ್ಚ ಸ್ವಲ್ಪ ಹೆಚ್ಚಾದರೂ ದುರಸ್ತಿಯನ್ನೇ ಪರಿಗಣಿಸುವುದು ಉಚಿತ.

7. ಹಳೆಯ ಉಪಕರಣಗಳ ವಿಲೇವಾರಿ

ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸವಿರುತ್ತದೆ. ಎಲ್.ಇ.ಡಿ.ಗಿಂತ ಹಿಂದಿನ ಎಲ್.ಸಿ.ಡಿ. ಟಿ.ವಿ.ಗಳ ಬೆಳಕಿನ ಕೊಳವೆಗಳಲ್ಲಿ ಪಾದರಸವಿರುತ್ತದೆ. ಇವುಗಳನ್ನು ಒಡೆಯುವುದು, ವಯರುಗಳನ್ನು ಸುಡುವುದು ಹಾಗೂ ಮನೆ ಕಸದೊಂದಿಗೆ ಎಸೆಯುವುದು ಆರೋಗ್ಯಕ್ಕೆ ಹಾನಿಕರ. ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022 ದಿನಾಂಕ 1-4-2023ರಿಂದ ಜಾರಿಯಲ್ಲಿದ್ದು, ಉತ್ಪಾದಕರು, ನವೀಕರಣಕಾರರು ಮತ್ತು ಮರುಬಳಕೆದಾರರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕಾಗಿರುತ್ತದೆ. ಗ್ರಾಹಕರು ಹಳೆಯ ಉಪಕರಣವನ್ನು ನೋಂದಾಯಿತ ಮರುಬಳಕೆದಾರರಿಗೆ ಅಥವಾ ಉತ್ಪಾದಕರ ಸಂಗ್ರಹಣಾ ವ್ಯವಸ್ಥೆಗೆ ನೀಡತಕ್ಕದ್ದು. ಹೊಸದನ್ನು ಕೊಳ್ಳುವಾಗ ಅಂಗಡಿಯವರು ಹಳೆಯದನ್ನು ವಿನಿಮಯಕ್ಕೆ ಪಡೆಯುವರೇ ಎಂದು ವಿಚಾರಿಸಬಹುದು. ಸ್ಮಾರ್ಟ್ ಟಿ.ವಿ. ನೀಡುವ ಮೊದಲು ಅದರಲ್ಲಿರುವ ಖಾತೆಗಳನ್ನು ಅಳಿಸಬೇಕು.

8. ದೂರು ಸಲ್ಲಿಸುವ ವಿಧಾನ

ಹಣ ಪಡೆದು ದುರಸ್ತಿ ಮಾಡದಿರುವುದು, ಒಪ್ಪಿದ ಕೆಲಸವನ್ನು ಸರಿಯಾಗಿ ನಿರ್ವಹಿಸದಿರುವುದು ಮುಂತಾದವು ಸೇವಾ ನ್ಯೂನತೆಯಾಗಬಹುದು. ಸಂಪೂರ್ಣ ಉಚಿತವಾಗಿ ನೀಡಿದ ಸೇವೆಗೆ ಅಧಿನಿಯಮ ಅನ್ವಯಿಸುವುದಿಲ್ಲ.

ಹಂತ 1: ಸಂಬಂಧಪಟ್ಟ ಅಂಗಡಿ ಅಥವಾ ಸೇವಾ ಕೇಂದ್ರಕ್ಕೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯುವುದು. ಸ್ವೀಕೃತಿ ನೀಡದಿದ್ದಲ್ಲಿ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿ ಇಟ್ಟುಕೊಳ್ಳುವುದು.

ಹಂತ 2: ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುವುದು. ಕರೆ ಉಚಿತವಾಗಿದ್ದು ಕನ್ನಡದಲ್ಲಿಯೂ ಸೇವೆ ಲಭ್ಯವಿರುತ್ತದೆ.

ಹಂತ 3: ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುವುದು. ಪಾವತಿಸಿದ ಪ್ರತಿಫಲ ರೂ. 50 ಲಕ್ಷದವರೆಗಿನ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ದೂರುದಾರರು ವಾಸಿಸುವ ಅಥವಾ ಉದ್ಯೋಗ ಮಾಡುವ ಜಿಲ್ಲೆಯಲ್ಲಿಯೇ ಸಲ್ಲಿಸಲು ಅವಕಾಶವಿದೆ. ಇ-ಜಾಗೃತಿ ಪೋರ್ಟಲ್ ಮೂಲಕವೂ ಸಲ್ಲಿಸಬಹುದಾಗಿದೆ.

ಶುಲ್ಕ: ಪ್ರತಿಫಲ ರೂ. 5 ಲಕ್ಷದವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ.

ಕಾಲಮಿತಿ: ದೂರಿನ ಕಾರಣ ಉದ್ಭವಿಸಿದ ದಿನಾಂಕದಿಂದ 2 ವರ್ಷಗಳೊಳಗೆ ಸಲ್ಲಿಸತಕ್ಕದ್ದು.

ಇತ್ಯರ್ಥ: ಎದುರುದಾರರಿಗೆ ನೋಟಿಸು ತಲುಪಿದ ದಿನಾಂಕದಿಂದ ಸಾಧ್ಯವಾದಷ್ಟು 3 ತಿಂಗಳೊಳಗೆ, ಸರಕಿನ ಪ್ರಯೋಗಾಲಯ ಪರೀಕ್ಷೆ ಅಗತ್ಯವಿದ್ದಲ್ಲಿ 5 ತಿಂಗಳೊಳಗೆ ತೀರ್ಮಾನಿಸಬೇಕೆಂದು ಅಧಿನಿಯಮದಲ್ಲಿ ತಿಳಿಸಲಾಗಿದೆ.

ಲಗತ್ತಿಸಬೇಕಾದ ದಾಖಲೆಗಳು: ಖರೀದಿ ಬಿಲ್ಲು (ಇದ್ದಲ್ಲಿ), ಜಾಬ್ ಶೀಟ್, ಅಂದಾಜು ಪಟ್ಟಿ, ಪಾವತಿ ರಸೀದಿ ಅಥವಾ ಬ್ಯಾಂಕ್ ವಿವರ, ಪತ್ರ ವ್ಯವಹಾರದ ಪ್ರತಿಗಳು, ಉಪಕರಣದ ಫೋಟೋ ಹಾಗೂ ದೋಷದ ಧ್ವನಿಮುದ್ರಣ.

9. ಲಿಖಿತ ಮನವಿಯ ಮಾದರಿ

ದಿನಾಂಕ: ............
ಇವರಿಗೆ: (ಅಂಗಡಿ/ಸೇವಾ ಕೇಂದ್ರದ ಹೆಸರು ಮತ್ತು ವಿಳಾಸ)
ವಿಷಯ: ............ ಉಪಕರಣದ ಧ್ವನಿ ದೋಷದ ದುರಸ್ತಿ ಸಮರ್ಪಕವಾಗಿಲ್ಲದಿರುವ ಕುರಿತು.
ಉಲ್ಲೇಖ: ಜಾಬ್ ಶೀಟ್ ಸಂಖ್ಯೆ ............ ದಿನಾಂಕ ............

ಕೆಳಗೆ ಸಹಿ ಮಾಡಿರುವ ಗ್ರಾಹಕರು ದಿನಾಂಕ ............ ರಂದು ಮೇಲ್ಕಂಡ ಉಪಕರಣವನ್ನು ದುರಸ್ತಿಗೆ ನೀಡಿ ರೂ. ............ ಪಾವತಿಸಿರುತ್ತಾರೆ. ದಿನಾಂಕ ............ ರಂದು ಅದೇ ದೋಷ ಮರುಕಳಿಸಿದೆ. ಈ ಪತ್ರ ತಲುಪಿದ 15 ದಿನಗಳೊಳಗೆ ಉಪಕರಣವನ್ನು ಹೆಚ್ಚುವರಿ ವೆಚ್ಚವಿಲ್ಲದೆ ಸರಿಪಡಿಸಿಕೊಡಬೇಕು ಅಥವಾ ಪಾವತಿಸಿದ ಮೊತ್ತವನ್ನು ಹಿಂತಿರುಗಿಸಬೇಕೆಂದು ಕೋರಲಾಗಿದೆ.

(ಸಹಿ, ಹೆಸರು, ವಿಳಾಸ, ದೂರವಾಣಿ ಸಂಖ್ಯೆ)

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಖರೀದಿ ಬಿಲ್ಲು ಕಳೆದುಹೋಗಿದೆ. ದುರಸ್ತಿಯ ಬಗ್ಗೆ ದೂರು ನೀಡಬಹುದೇ?
ಉತ್ತರ: ನೀಡಬಹುದು. ದೂರು ದುರಸ್ತಿ ಸೇವೆಗೆ ಸಂಬಂಧಿಸಿದ್ದರಿಂದ ಜಾಬ್ ಶೀಟ್ ಮತ್ತು ದುರಸ್ತಿಯ ರಸೀದಿ ಮುಖ್ಯ ದಾಖಲೆಗಳಾಗುತ್ತವೆ.

ಪ್ರಶ್ನೆ: ವಕೀಲರನ್ನು ನೇಮಿಸುವುದು ಕಡ್ಡಾಯವೇ?
ಉತ್ತರ: ಇಲ್ಲ. ದೂರುದಾರರು ಆಯೋಗದ ಮುಂದೆ ಸ್ವತಃ ಹಾಜರಾಗಿ ವಾದ ಮಂಡಿಸಬಹುದಾಗಿದೆ.

ಪ್ರಶ್ನೆ: ಅಡಾಪ್ಟರ್ ಮಾತ್ರ ಕೆಟ್ಟಿದೆ. ಯಾವುದೇ ಅಡಾಪ್ಟರ್ ಬಳಸಬಹುದೇ?
ಉತ್ತರ: ಬಳಸಬಾರದು. ವೋಲ್ಟ್ ಪ್ರಮಾಣ ಮತ್ತು ಪಿನ್ನಿನ ಧನ-ಋಣ ಗುರುತು ಹಳೆಯದರಂತೆಯೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು. ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಇರುವುದನ್ನೇ ಖರೀದಿಸತಕ್ಕದ್ದು.

ಪ್ರಶ್ನೆ: ಬ್ಲೂಟೂತ್ ಸ್ಪೀಕರಿನಲ್ಲಿ ಮಾತು ತುಟಿ ಚಲನೆಗಿಂತ ತಡವಾಗಿ ಬರುತ್ತದೆ. ಇದು ದೋಷವೇ?
ಉತ್ತರ: ನಿಸ್ತಂತು ವರ್ಗಾವಣೆಯಲ್ಲಿ ಸ್ವಲ್ಪ ವಿಳಂಬ ಸಹಜ. ಟಿ.ವಿ.ಯ ಧ್ವನಿ ಹೊಂದಾಣಿಕೆ ಸೆಟ್ಟಿಂಗನ್ನು ಬದಲಾಯಿಸುವುದು ಅಥವಾ ವಯರ್ ಮೂಲಕ ಜೋಡಿಸುವುದು.

ಸೂಚನೆ: ಈ ಪುಟದಲ್ಲಿ ನೀಡಿರುವ ವಿವರಗಳು ಸಾಮಾನ್ಯ ಮಾಹಿತಿಗಾಗಿ ಮಾತ್ರ. ಕಾನೂನು ವಿಷಯಗಳಲ್ಲಿ ಸಂಬಂಧಪಟ್ಟ ಅಧಿನಿಯಮ ಹಾಗೂ ನಿಯಮಗಳೇ ಅಂತಿಮವಾಗಿರುತ್ತವೆ.